ಮೂರು ಖಾಲಿ ಜಾಗ

ಮಾದರಿ ರೈಲು ಎಂದೊಡನೆ ಹೆಚ್ಚಿನವರ ಕಣ್ಣಿಗೆ ಬರುವುದು ದುಂಡಗೆ ಜೋಡಿಸಿದ ಹಳಿ ಮತ್ತು ಅದರ ಮೇಲೆ ಗಿರಗಿರ ಸುತ್ತುವ ಒಂದು ಎಂಜಿನ್. ಮಕ್ಕಳಿಗೆ ಅದು ಹತ್ತು ನಿಮಿಷದ ಸಂಭ್ರಮ, ದೊಡ್ಡವರಿಗೆ ಎರಡೇ ನಿಮಿಷದ್ದು. ಆಮೇಲೆ ಎಲ್ಲರಿಗೂ ಬೇಸರ ಬರುತ್ತದೆ. ಬರಲೇಬೇಕು. ಆ ರೈಲಿಗೆ ತಲುಪಬೇಕಾದ ಊರಿಲ್ಲ, ಮಾಡಬೇಕಾದ ಕೆಲಸವಿಲ್ಲ.

ಬೇಸರ ಕಳೆಯಲು ಇನ್ನಷ್ಟು ಹಳಿ ಹಾಕುವುದು ಒಂದು ದಾರಿ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ತನ್ನ ಆಟಿಕೆ ರೈಲುಗಳನ್ನು ಇಟ್ಟಾಗಲೇ ಈ ದಾರಿ ತೆರೆದಿತ್ತು. ಇವತ್ತು ಒಂದು ಪೆಟ್ಟಿಗೆ, ಮುಂದಿನ ಹಬ್ಬಕ್ಕೆ ಹಳಿಯನ್ನು ಕವಲೊಡೆಸುವ ಒಂದು ಪಾಯಿಂಟ್ಸ್, ಅದರ ಮುಂದಿನ ಹಬ್ಬಕ್ಕೆ ಒಂದು ಸೇತುವೆ. ಹೀಗೆ ಬೆಳೆದ ರೈಲ್ವೆಗಳು ಮನೆಯ ನೆಲಮಾಳಿಗೆಯನ್ನೆಲ್ಲ ನುಂಗಿದ ಉದಾಹರಣೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಇನ್ನೊಂದು ದಾರಿ ಹಿಡಿದವರು ಹಳಿಯನ್ನು ಕಡಿಮೆ ಮಾಡಿದರು. ಪುಸ್ತಕದ ಕಪಾಟಿನ ಒಂದು ಹಲಗೆಯಷ್ಟೇ ಜಾಗ ತೆಗೆದುಕೊಂಡು, ಅದರಲ್ಲಿ ಎಂಜಿನ್ನಿಗೆ ತಲೆಕೆಡಿಸುವ ಕೆಲಸ ಕೊಟ್ಟರು. ಆ ಕೆಲಸದ ಹೆಸರು ಶಂಟಿಂಗ್.

ಅರಸೀಕೆರೆ, ಬೀರೂರಿನಂಥ ಜಂಕ್ಷನ್‌ಗಳಲ್ಲಿ ಹಿಂದೆ ಗಂಟೆಗಟ್ಟಲೆ ಗಾಡಿ ಕಾದವರಿಗೆ ಶಂಟಿಂಗ್ ಎಂದರೇನೆಂದು ವಿವರಿಸಬೇಕಿಲ್ಲ. ಒಂದು ಎಂಜಿನ್ ನಾಲ್ಕಾರು ಗೂಡ್ಸ್ ಡಬ್ಬಿಗಳನ್ನು ಎಳೆದುಕೊಂಡು ಹಿಂದೆ ಹೋಗುತ್ತದೆ, ಪಾಯಿಂಟ್ಸ್‌ಮನ್ ಹಳಿ ತಿರುಗಿಸುತ್ತಾನೆ, ಎಂಜಿನ್ ಡಬ್ಬಿಗಳನ್ನು ಬೇರೆ ದಾರಿಗೆ ತಳ್ಳಿ ಒಂದೆರಡನ್ನು ಬಿಟ್ಟು ಮತ್ತೆ ಹಿಂದಕ್ಕೆ ಬರುತ್ತದೆ. ನೋಡುವವರಿಗೆ ಅದು ಗೊತ್ತುಗುರಿಯಿಲ್ಲದ ಓಡಾಟ. ಈಗಿನ ಹುಡುಗರು ಅದನ್ನು ನೋಡಿರುವುದು ಕಡಿಮೆ. ಒಂದೇ ಸರಕಿನ ಇಡೀ ರೇಕನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ಯುವ ಪದ್ಧತಿ ಬಂದ ಮೇಲೆ ಬಿಡಿ ಡಬ್ಬಿಗಳನ್ನು ಹೆಕ್ಕಿ ಪೋಣಿಸುವ ಕೆಲಸ ನಮ್ಮ ರೈಲ್ವೆಯಿಂದ ಬಹುಮಟ್ಟಿಗೆ ಮರೆಯಾಗಿದೆ. ಮಾದರಿ ರೈಲಿನ ಹಲಗೆಗಳ ಮೇಲೆ ಅದು ಇನ್ನೂ ಬದುಕಿದೆ.

ಆ ಹಲಗೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಇಂಗ್ಲೆಂಡಿನ ಹವ್ಯಾಸಿ ಆಲನ್ ರೈಟ್ ಕಟ್ಟಿದ ‘ಇಂಗಲ್‌ನುಕ್ ಸೈಡಿಂಗ್ಸ್’. ಅದಕ್ಕೆ ಪ್ರೇರಣೆ ನಾರ್ತಂಬರ್‌ಲ್ಯಾಂಡಿನ ಕಿಲಮ್ ಎಂಬಲ್ಲಿದ್ದ ಗೂಡ್ಸ್ ಸೈಡಿಂಗ್, ಅಂದರೆ ಡಬ್ಬಿಗಳನ್ನು ನಿಲ್ಲಿಸುವ ಪಕ್ಕದ ಹಳಿ. ಅದು ಆನಿಕ್‌ನಿಂದ ಕಾರ್ನ್‌ಹಿಲ್‌ಗೆ ಹೋಗುವ ಶಾಖಾ ಮಾರ್ಗದಲ್ಲಿತ್ತು. 1887ರಲ್ಲಿ ತೆರೆದ ಆ ಮಾರ್ಗದಲ್ಲಿ 1930ಕ್ಕೇ ಪ್ರಯಾಣಿಕರ ಗಾಡಿ ನಿಂತುಹೋಯಿತು. ಕುರಿ, ಕಲ್ಲಿದ್ದಲು, ಗೊಬ್ಬರ ಸಾಗಿಸುವಂಥ ಹಳ್ಳಿಗಾಡಿನ ಸಾಲು. ಅಂಥ ಮೂಲೆಯ ಸೈಡಿಂಗೊಂದು ಜಗತ್ತಿನ ಸಾವಿರಾರು ಮನೆಗಳ ಕಪಾಟಿನ ಮೇಲೆ ಮರುಹುಟ್ಟು ಪಡೆದದ್ದು ವಿಚಿತ್ರ.

ರೈಟ್ ಅವರ ಯೋಜನೆಯಲ್ಲಿ ಇರುವುದು ಎರಡೇ ಪಾಯಿಂಟ್ಸ್, ಮೂರು ಸೈಡಿಂಗ್. ಒಂದು ಕಡೆಯಿಂದ ಬರುವ ಹಳಿ ಮೊದಲ ಪಾಯಿಂಟ್ಸ್‌ನಲ್ಲಿ ಸೀಳುತ್ತದೆ, ಅದರ ಒಂದು ಕವಲು ಇನ್ನೊಂದು ಪಾಯಿಂಟ್ಸ್‌ನಲ್ಲಿ ಮತ್ತೆ ಸೀಳುತ್ತದೆ. ಮೂರು ಸೈಡಿಂಗ್‌ಗಳೂ ಬಫರ್ ಕಟ್ಟಿದ ಕುರುಡು ದಾರಿಗಳು. ಮೊದಲನೆಯದರಲ್ಲಿ 5 ವ್ಯಾಗನ್ ಹಿಡಿಸುತ್ತದೆ, ಉಳಿದೆರಡರಲ್ಲಿ ಮೂರು ಮೂರು. ಪಾಯಿಂಟ್ಸ್‌ನ ಈಚೆ ಬದಿಗೆ ಎಂಜಿನ್ ಹಿಂದೆ ಮುಂದೆ ಆಡಲು ಬಿಟ್ಟ ಹಳಿಯನ್ನು ನಮ್ಮ ರೈಲ್ವೆಯವರು ಶಂಟಿಂಗ್ ನೆಕ್ ಎನ್ನುತ್ತಾರೆ. ಅದರ ಉದ್ದ ಎಂಜಿನ್ ಮತ್ತು 3 ವ್ಯಾಗನ್ ನಿಲ್ಲುವಷ್ಟೇ, ಒಂದು ಗೇಣು ಹೆಚ್ಚಿಲ್ಲ. ಹಳಿಯ ಮೇಲೆ ಇಡುವುದು 8 ವ್ಯಾಗನ್. ಎಂಟು ಚೀಟಿಗಳನ್ನು ಕಲಸಿ ಐದನ್ನು ಎತ್ತಿ. ಎತ್ತಿದ ಅದೇ ಕ್ರಮದಲ್ಲಿ ಐದು ವ್ಯಾಗನ್‌ಗಳ ಗಾಡಿಯನ್ನು ಮೊದಲನೇ ಸೈಡಿಂಗ್‌ನಲ್ಲಿ ಕಟ್ಟಿ ನಿಲ್ಲಿಸಿ. ಕೈಯಿಂದ ವ್ಯಾಗನ್ ಎತ್ತುವಂತಿಲ್ಲ. ಆಟದ ನಿಯಮ ಮುಗಿಯಿತು.

ಎಂಟರಲ್ಲಿ ಐದನ್ನು ಕ್ರಮವಾಗಿ ಆಯುವ ಬಗೆಗಳು 6,720. ದಿನಕ್ಕೊಂದು ಗಾಡಿ ಕಟ್ಟಿದರೆ ಹದಿನೆಂಟು ವರ್ಷಕ್ಕೂ ಮೇಲೆ ಸಾಗುತ್ತದೆ. ಎಂಟನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಟ್ಟು ಜೋಡಣೆಗಳು 40,320. ಇವೆಲ್ಲವನ್ನೂ ಎಂಜಿನ್ ಮುಟ್ಟಬಲ್ಲದೇ, ಅಥವಾ ಕೆಲವು ಚೀಟಿ ಬಂದರೆ ಎಷ್ಟು ತಿಣುಕಿದರೂ ಗಾಡಿ ಕಟ್ಟಲು ಆಗದೇ ಹೋಗಬಹುದೇ?

ಈ ಸಂದೇಹಕ್ಕೆ ಒಂದು ಚರಿತ್ರೆಯಿದೆ. 1880ರ ಸುಮಾರಿಗೆ ಅಮೆರಿಕ, ಯುರೋಪುಗಳಿಗೆ ಹುಚ್ಚು ಹಿಡಿಸಿದ್ದ ಹದಿನೈದು ಬಿಲ್ಲೆಗಳ ಜಾರುಮಣೆಯ ಒಗಟಿನಲ್ಲಿ ಅರ್ಧದಷ್ಟು ಜೋಡಣೆಗಳನ್ನು ಯಾವ ಜಾಣನಿಂದಲೂ ತಲುಪಲಾಗುವುದಿಲ್ಲ. ಜಾನ್ಸನ್ ಮತ್ತು ಸ್ಟೋರಿ ಎಂಬ ಇಬ್ಬರು ಗಣಿತಜ್ಞರು 1879ರಲ್ಲೇ ಇದನ್ನು ಸಾಧಿಸಿ ತೋರಿಸಿದ್ದರು. 14 ಮತ್ತು 15ನ್ನು ಅದಲುಬದಲು ಮಾಡಿ ಎಂದು ಬಹುಮಾನ ಸಾರಿದ್ದ ಒಗಟುಗಾರ ಸ್ಯಾಮ್ ಲಾಯ್ಡ್‌ಗೆ ಆ ಹಣ ಎಂದೂ ಕೊಡಬೇಕಾಗಿ ಬರಲಿಲ್ಲ. ಆ ಮಣೆಯಲ್ಲಿ ಕೇವಲ ಒಂದು ಜೋಡಿಯನ್ನು ಮಾತ್ರ ಬದಲಿಸಿ ಉಳಿದುದೆಲ್ಲ ಇದ್ದಂತೆಯೇ ಇರಿಸುವುದು ಅಸಾಧ್ಯ. ನಮ್ಮ ಹಲಗೆಯ ಮೇಲೆ ಅದು ಸಾಧ್ಯವೇ ಎಂದು ನೋಡೋಣ. ಕೈಗೆ ಎಂಟು ಬಾಟಲಿ ಮುಚ್ಚಳ ಸಿಕ್ಕರೆ ಜೊತೆಯಲ್ಲೇ ಆಡಬಹುದು.

ಮೊದಲನೇ ಸೈಡಿಂಗ್‌ನಲ್ಲಿ ಕ, ಖ, ಗ, ಘ, ಙ ಎಂಬ ಐದು ವ್ಯಾಗನ್. ಕ ಬಾಯಿಯ ಹತ್ತಿರ, ಙ ಬಫರ್‌ಗೆ ತಾಗಿಕೊಂಡು. ಎರಡನೆಯದರಲ್ಲಿ ಚ, ಛ, ಜ, ಅದು ಭರ್ತಿ. ಮೂರನೆಯದು ಖಾಲಿ. ಕ ಮತ್ತು ಖ ಬದಲಾಯಿಸುವುದು ಸಲೀಸು: ಎರಡನ್ನೂ ಎಳೆದು ತಂದು, ತುದಿಯಲ್ಲಿರುವ ಖ ಒಂದನ್ನು ಮೂರನೇ ಸೈಡಿಂಗ್‌ನಲ್ಲಿ ಬಿಟ್ಟು, ಕ ಮರಳಿ ಮೊದಲನೆಯದಕ್ಕೆ ತಳ್ಳಿ, ಆಮೇಲೆ ಖ ತಂದು ಅದರ ಮುಂದೆ ನಿಲ್ಲಿಸಿದರೆ ಆಯಿತು. ಒಂದೇ ಜೋಡಿ ಬದಲಾಯಿತು, ಬೇರೇನೂ ಅಲುಗಲಿಲ್ಲ. ಜಾರುಮಣೆಯ ಶಾಪ ಇಲ್ಲಿಗೆ ತಟ್ಟುವುದಿಲ್ಲ.

ಕಷ್ಟ ಇರುವುದು ಬುಡದಲ್ಲಿರುವ ಙ ಹೊರತೆಗೆಯುವುದರಲ್ಲಿ. ಕ, ಖ, ಗ ಮೂರನ್ನೂ ಎಳೆದು ಮೂರನೇ ಸೈಡಿಂಗ್‌ಗೆ ತುಂಬಿದೆವು, ಅದೂ ಭರ್ತಿಯಾಯಿತು. ಘ, ಙ ಎರಡನ್ನೂ ನೆಕ್ಕಿಗೆ ಎಳೆದೆವು. ಈಗ ಎರಡು, ಮೂರು ಎರಡೂ ತುಂಬಿವೆ. ಖಾಲಿ ಇರುವುದು ಇವು ಈಗಷ್ಟೇ ಹೊರಬಂದ ಮೊದಲನೆಯದು ಮಾತ್ರ. ಅಲ್ಲಿಗೇ ತಳ್ಳಿದರೆ ಙ ಮತ್ತೆ ಬುಡಕ್ಕೆ. ಆಡುವವರು ಮೊದಲ ಸಲ ಕೈ ಚೆಲ್ಲುವುದು ಈ ಘಟ್ಟದಲ್ಲಿ. ಆದರೆ ನೆಕ್ಕಿನಲ್ಲಿ ಇನ್ನೂ ಒಂದು ವ್ಯಾಗನ್‌ಗೆ ಜಾಗವಿದೆ. ಘ, ಙ ಜೊತೆಗಿಟ್ಟುಕೊಂಡೇ ಎಂಜಿನ್ ಮೂರನೇ ಸೈಡಿಂಗ್‌ಗೆ ಹೋಗಿ ಬಾಯಲ್ಲಿರುವ ಕ ಕೊಂಡಿ ಹಾಕಿ ತರಲಿ. ನೆಕ್ಕಿನಲ್ಲಿ ಈಗ ಘ, ಙ, ಕ. ಮೂರನೆಯದರಲ್ಲಿ ಒಂದು ಜಾಗ ತೆರವಾಯಿತು. ಕ ಒಂದನ್ನು ಮೊದಲನೇ ಸೈಡಿಂಗ್‌ನಲ್ಲಿ ಬಿಡಿ. ಙ ಒಂದನ್ನು ಮೂರನೆಯದರ ತೆರವಿಗೆ ತಳ್ಳಿ. ಘ ತಂದು ಕ ಮುಂದೆ ನಿಲ್ಲಿಸಿ. ಕೊನೆಗೆ ಮೂರನೆಯದರಲ್ಲಿರುವ ಙ, ಖ, ಗ ಮೂರನ್ನೂ ಒಟ್ಟಿಗೆ ಎಳೆದು ಮೊದಲನೆಯದಕ್ಕೆ ತಳ್ಳಿ. ಬಾಯಿಂದ ಬುಡಕ್ಕೆ ಓದಿ: ಙ, ಖ, ಗ, ಘ, ಕ. ಮೊದಲನೆಯದೂ ಕೊನೆಯದೂ ಸ್ಥಳ ಬದಲಿಸಿಕೊಂಡವು, ನಡುವಿನ ಮೂರು ಇದ್ದಂತೆಯೇ ಇವೆ.

ಇಷ್ಟು ಸೊಗಸಾಗಿ ಕೆಲಸ ನಡೆದದ್ದು ನೆಕ್ಕಿನಲ್ಲಿ ಉಳಿದಿದ್ದ ಆ ಒಂದು ಜಾಗದಿಂದ. ಅದನ್ನು ಕಿತ್ತುಕೊಂಡರೆ ಏನಾಗುತ್ತದೆ? ನೆಕ್ಕನ್ನು ಎರಡೇ ವ್ಯಾಗನ್ ಹಿಡಿಸುವಷ್ಟು ಗಿಡ್ಡ ಮಾಡಿ, ಅಥವಾ ನೆಕ್ಕನ್ನು ಹಾಗೇ ಬಿಟ್ಟು ಒಂಬತ್ತನೇ ವ್ಯಾಗನ್ ಒಂದನ್ನು ತಂದಿಡಿ. ಒಂಬತ್ತರ ಲೆಕ್ಕ ಹೀಗಿದೆ. ಙ ಕೈಗೆ ಸಿಗಬೇಕಾದರೆ ಮೊದಲನೇ ಸೈಡಿಂಗ್ ಖಾಲಿಯಾಗಬೇಕು, ಉಳಿದ ಎಂಟೂ ಬೇರೆ ಕಡೆ ಇರಬೇಕು. ಎರಡು ಗಿಡ್ಡ ಸೈಡಿಂಗ್‌ಗಳಲ್ಲಿ ಆರು, ನೆಕ್ಕಿನಲ್ಲಿ ಎರಡು, ಅವುಗಳ ತುದಿಗೆ ಙ. ಎಲ್ಲ ಕಡೆ ಕಿಕ್ಕಿರಿದು ತುಂಬಿದೆ. ಙ ಹೋಗಬಹುದಾದ ಜಾಗ ಎಂದರೆ ತಾನು ಬಿಟ್ಟುಬಂದ ಬುಡವೊಂದೇ. ಸಾವಿರ ಸಲ ಹಿಂದೆ ಮುಂದೆ ಓಡಾಡಿದರೂ ಆ ವ್ಯಾಗನ್ ಬಫರ್ ಬಿಟ್ಟು ಕದಲದು. ಉಳಿದವನ್ನು ಏನು ಬೇಕಾದರೂ ಮಾಡಿಕೊಳ್ಳಿ, ಅದು ಮಾತ್ರ ಅಲ್ಲೇ. ಹಳಿ ಉಳಿಸಲೆಂದು ನೆಕ್ಕನ್ನು ಕತ್ತರಿಸಿದವರೂ, ಇನ್ನೊಂದು ಚೆಂದದ ವ್ಯಾಗನ್ ಕೊಂಡು ತಂದವರೂ ಒಗಟನ್ನು ಕಠಿಣ ಮಾಡಿದೆವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅವರು ಅದನ್ನು ಕೊಂದಿರುತ್ತಾರೆ.

ಹಾಗಾಗಿ ಸಣ್ಣ ಹಲಗೆಯನ್ನು ಯೋಜಿಸುವಾಗ ಎಣಿಸಬೇಕಾದದ್ದು ವ್ಯಾಗನ್‌ಗಳ ಜೊತೆಗೆ ಖಾಲಿ ಜಾಗಗಳನ್ನು. ಸೈಡಿಂಗ್‌ಗಳ ಒಟ್ಟು ಸಾಮರ್ಥ್ಯ 11, ವ್ಯಾಗನ್ 8, ಉಳಿದದ್ದು 3. ಕೆಲಸ ಮಾಡುವುದು ಆ ಮೂರು. ನಿಜವಾದ ಯಾರ್ಡಿನಲ್ಲಿ ದುಡಿದವರಿಗೆ ಇದು ಹೊಸದಲ್ಲ. ಯಾರ್ಡು ಪೂರ್ತಿ ತುಂಬಿತೆಂದರೆ ಅಲ್ಲಿ ಶಂಟಿಂಗ್ ನಿಲ್ಲುತ್ತದೆ, ಬರುವ ಗಾಡಿಗಳು ಹಿಂದಿನ ಸ್ಟೇಷನ್ನಿನಲ್ಲೇ ನಿಲ್ಲುತ್ತವೆ. ತುಂಬಿದ ಯಾರ್ಡಿನಷ್ಟು ನಿರುಪಯೋಗಿ ವಸ್ತು ರೈಲ್ವೆಯಲ್ಲಿ ಇನ್ನೊಂದಿಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೆ ಕಾಲೇಜಿನ ಗಣಿತಜ್ಞ ಸೈಮನ್ ಬ್ಲ್ಯಾಕ್‌ಬರ್ನ್ ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಎಲ್ಲ ಅಳತೆಗಳಿಗೂ ಹಿಗ್ಗಿಸಿ, ಎಷ್ಟು ಸೈಡಿಂಗ್, ಎಷ್ಟು ನೆಕ್, ಎಷ್ಟು ವ್ಯಾಗನ್ ಇದ್ದರೆ ಬೇಕಾದ ಯಾವ ಕ್ರಮವನ್ನಾದರೂ ಕಟ್ಟಬಹುದು ಎಂದು ಪ್ರಬಂಧವನ್ನೇ ಬರೆದರು. ಆಲನ್ ರೈಟ್ ಆರಿಸಿಕೊಂಡ ಅಳತೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಒಂದೇ ಒಂದು ಜಾಗದ ಅಂತರದಲ್ಲಿ.

ಕುರುಡು ಸೈಡಿಂಗ್ ಎಂದರೆ ಜೋಳದ ರೊಟ್ಟಿಯ ಅಟ್ಟಿಯ ಹಾಗೆ: ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತದೆ. ಕಂಪ್ಯೂಟರ್ ಕಲಿತವರು ಇದನ್ನು ಸ್ಟ್ಯಾಕ್ ಎಂದು ಗುರುತಿಸುತ್ತಾರೆ. ಡೊನಾಲ್ಡ್ ಕ್ನೂತ್ 1968ರಲ್ಲಿ ಹೊರತಂದ ತಮ್ಮ ಪ್ರಸಿದ್ಧ ಗ್ರಂಥದ ಮೊದಲ ಸಂಪುಟದಲ್ಲಿ ಸ್ಟ್ಯಾಕನ್ನು ವಿವರಿಸಿದ್ದೇ ರೈಲ್ವೆ ಸೈಡಿಂಗ್‌ನ ಚಿತ್ರ ಬಿಡಿಸಿ. ಅದಕ್ಕೂ ಮುಂಚೆ, 1961ರಲ್ಲಿ, ಡಚ್ ಗಣಕ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಗಣಿತದ ಸೂತ್ರವೊಂದನ್ನು ಯಂತ್ರಕ್ಕೆ ಅರ್ಥವಾಗುವ ಕ್ರಮಕ್ಕೆ ತರಲು ರೂಪಿಸಿದ ವಿಧಾನಕ್ಕೆ ಶಂಟಿಂಗ್ ಯಾರ್ಡ್ ವಿಧಾನ ಎಂಬ ಹೆಸರೇ ನಿಂತಿದೆ. ಕೂಡುವ ಗುರುತು ಬಂದರೆ ಸೈಡಿಂಗ್‌ನಲ್ಲಿ ಕಾಯುತ್ತದೆ, ಅದಕ್ಕಿಂತ ಮೇಲ್ದರ್ಜೆಯ ಗುಣಿಸುವ ಗುರುತು ಅದರ ಮುಂದೆ ಬಂದು ನಿಂತು ಮೊದಲು ಹೊರಡುತ್ತದೆ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ಗೂಡ್ಸ್ ಕಾಯುವುದನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಸಾಲಾಗಿ ಬರುವ ವ್ಯಾಗನ್‌ಗಳನ್ನು ಒಂದೇ ಸೈಡಿಂಗ್‌ಗೆ ಒಂದೊಂದಾಗಿ ಹಾಕಿ ತೆಗೆದು ಆಚೆ ಕಳಿಸುವುದಾದರೆ ಎಷ್ಟು ಕ್ರಮಗಳು ಸಿಗುತ್ತವೆ? ಮೂರು ವ್ಯಾಗನ್‌ಗೆ ಆರು ಕ್ರಮಗಳಿವೆ, ಸಿಗುವುದು ಐದು. ನಾಲ್ಕಕ್ಕೆ 24ರಲ್ಲಿ 14. ಎಂಟಕ್ಕೆ 40,320ರಲ್ಲಿ ಬರೇ 1,430. ಬೆಲ್ಜಿಯಂನ ಕ್ಯಾಟಲಾನ್ ಹೆಸರಿನಲ್ಲಿರುವ ಸಂಖ್ಯೆಗಳು ಇವು. ಒಂದರ ಜಾಗದಲ್ಲಿ ಮೂರು ಸೈಡಿಂಗ್, ಜೊತೆಗೆ ಹಿಂದಿರುಗಿ ಬರುವ ಸ್ವಾತಂತ್ರ್ಯ ಸೇರಿದಾಗ ಇಡೀ ನಲವತ್ತು ಸಾವಿರವೂ ತೆರೆದುಕೊಳ್ಳುತ್ತದೆ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಹುಟ್ಟಿದ ಮಾದರಿ ರೈಲು ಕ್ಲಬ್ಬಿನ ಹುಡುಗರೇ ಮುಂದೆ ಮೊದಲ ತಲೆಮಾರಿನ ಕಂಪ್ಯೂಟರ್ ಹುಚ್ಚರಾದದ್ದು ಕಾಕತಾಳೀಯವೆಂದು ನನಗೆ ಅನಿಸುವುದಿಲ್ಲ.

ಇಂಗಲ್‌ನುಕ್‌ಗೆ ಅಮೆರಿಕನ್ ಪ್ರತಿಸ್ಪರ್ಧಿಯೊಂದಿದೆ: ಕ್ಯಾಲಿಫೋರ್ನಿಯಾದ ಮಾಂಟೆರೆಯ ಜಾನ್ ಆಲನ್ 1972ರಲ್ಲಿ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯಲ್ಲಿ ಪ್ರಕಟಿಸಿದ ‘ಟೈಮ್‌ಸೇವರ್’. ಆಲನ್ ಸಾಮಾನ್ಯ ಮನುಷ್ಯನಲ್ಲ. ವೃತ್ತಿಯಿಂದ ಛಾಯಾಗ್ರಾಹಕ, ಮನೆಯ ನೆಲಮಾಳಿಗೆಯಲ್ಲಿ ನೆಲದಿಂದ ಸೂರಿನವರೆಗೆ ಬೆಟ್ಟಗಳನ್ನು ಎಬ್ಬಿಸಿ ಆತ ಕಟ್ಟಿದ ರೈಲ್ವೆಯ ಚಿತ್ರಗಳು ಒಂದು ತಲೆಮಾರಿನ ಹವ್ಯಾಸಿಗಳ ರುಚಿಯನ್ನೇ ತಿದ್ದಿದವು. ಆ ರೈಲ್ವೆಯಲ್ಲಿ ಶಂಟಿಂಗ್ ಕೆಲಸಕ್ಕೆ ಎಮ್ಮಾ ಎಂಬ ಸ್ಟೆಗೊಸಾರಸ್ ಡೈನೊಸಾರ್ ಕೂಡ ಇತ್ತು! 1973ರ ಜನವರಿಯಲ್ಲಿ ಆಲನ್ ತೀರಿಕೊಂಡರು. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ರೈಲ್ವೆ ಸುಟ್ಟುಹೋಯಿತು. ಉಳಿದದ್ದು ಚಿತ್ರಗಳು, ಮತ್ತು ಐದು ಪಾಯಿಂಟ್ಸ್‌ನ ಈ ಪುಟ್ಟ ಒಗಟು. ಇದರಲ್ಲಿ ಸೈಡಿಂಗ್‌ಗಳು ಎರಡು ದಿಕ್ಕಿಗೂ ಮುಖ ಮಾಡಿವೆ, ಎಂಜಿನ್ ಡಬ್ಬಿಗಳ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸುತ್ತಿಬರಬೇಕು, ಆಟಗಾರರು ಗಡಿಯಾರದ ವಿರುದ್ಧ ಸ್ಪರ್ಧಿಸುತ್ತಾರೆ.

ಟೈಮ್‌ಸೇವರ್ ಬಗ್ಗೆ ಹವ್ಯಾಸಿಗಳಲ್ಲಿ ಒಂದು ಹಳೆಯ ಜಗಳವಿದೆ. ಯಾವ ರೈಲ್ವೆ ಎಂಜಿನಿಯರೂ ಬೇಕೆಂದೇ ಇಷ್ಟು ಇಕ್ಕಟ್ಟಾಗಿ ಹಳಿ ಹಾಕುವುದಿಲ್ಲ, ಇದು ಚದುರಂಗಕ್ಕೆ ಚಕ್ರ ಕಟ್ಟಿದಂತಿದೆ ಎಂದು ಒಂದು ಪಕ್ಷ. ಆಟವೆಂದ ಮೇಲೆ ಆಟ, ನಿಜದ ಹಂಗೇಕೆ ಎಂದು ಇನ್ನೊಂದು. ನಾನು ಮೊದಲ ಪಕ್ಷದವನು. ಟೈಮ್‌ಸೇವರ್ ಹಲಗೆಯನ್ನು ನೋಡಿದರೆ ಒಗಟು ಕಾಣುತ್ತದೆ. ಇಂಗಲ್‌ನುಕ್ ಹಲಗೆಯನ್ನು ನೋಡಿದರೆ ಒಂದು ಊರು ಕಾಣುತ್ತದೆ. ಗೋಡೌನ್ ಪಕ್ಕ ಒಂದು ಸೈಡಿಂಗ್, ಕಲ್ಲಿದ್ದಲ ರಾಶಿಯ ಪಕ್ಕ ಇನ್ನೊಂದು, ಗಾಡಿ ಹೊರಡಲು ಮೂರನೆಯದು. ಒಗಟು ಹಳಿಯೊಳಗೆ ಅಡಗಿಕೊಂಡಿದೆ. ಅವಸರದಲ್ಲಿ ಶಂಟಿಂಗ್ ಮಾಡಿಸುವುದಂತೂ ಆ ಕೆಲಸದ ಘನತೆಗೆ ಒಪ್ಪುವುದಿಲ್ಲ; ಎರಡು ಬಫರ್‌ಗಳ ನಡುವೆ ನಿಂತು ಕೊಂಡಿ ಹಾಕುವವರ ಜೀವಕ್ಕೆ ಅವಸರವೇ ಶತ್ರು.

ಈಗ ಅಳತೆಗೆ ಬರೋಣ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಪ್ರಮಾಣದಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ನಾಲ್ಕು ಚಕ್ರದ ಸಣ್ಣ ವ್ಯಾಗನ್ ಸುಮಾರು 8.5 ಸೆಂ.ಮೀ. ಬರುತ್ತದೆ, ಸಣ್ಣ ಎಂಜಿನ್ 12. ಉದ್ದನೆಯ ಸೈಡಿಂಗ್‌ಗೆ 43, ಎರಡು ಪಾಯಿಂಟ್ಸ್‌ಗೆ 37ರ ಹತ್ತಿರ, ನೆಕ್ಕಿಗೆ 38. ಕೂಡಿದರೆ 1.2 ಮೀಟರಿನ ಆಸುಪಾಸು. ಅಗಲ ಒಂದಡಿ ಸಾಕು. ಇನ್ನೂ ಚಿಕ್ಕ ಎನ್ ಪ್ರಮಾಣವಾದರೆ ಇದರ ಅರ್ಧ. ನಮ್ಮವರಿಗೆ ಇಲ್ಲೊಂದು ತೊಡಕಿದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿ.ಮೀ., ಯುರೋಪು ಅಮೆರಿಕಗಳ 1,435 ಮಿ.ಮೀ. ಗೇಜಿಗೆ ಸರಿಯಾದದ್ದು. ಭಾರತದ ಬ್ರಾಡ್‌ಗೇಜ್ 1,676. ಅದನ್ನು 87ರಿಂದ ಭಾಗಿಸಿದರೆ 19.3 ಬರಬೇಕು. ಅಂಗಡಿ ಹಳಿಯ ಮೇಲೆ ನಿಲ್ಲಿಸಿದ ಭಾರತೀಯ ಎಂಜಿನ್ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಹಳೆಯ ಮೀಟರ್‌ಗೇಜ್ ಮಾದರಿ ಮಾಡುವವರು ಅದೃಷ್ಟವಂತರು: ಲೆಕ್ಕಕ್ಕೆ ಬೇಕಾದದ್ದು 11.5, ಪೇಟೆಯಲ್ಲಿ ಸಿಗುವುದು 12. ಆದ್ದರಿಂದ ಮೈಸೂರು ಸೀಮೆಯ ಹಳೇ ಸೈಡಿಂಗೊಂದನ್ನು ಕಟ್ಟುವ ಆಸೆಯಿರುವವರಿಗೆ ಅಂಗಡಿ ಹಳಿಯೇ ಆಗುತ್ತದೆ. ಡಬ್ಬಿ, ಎಂಜಿನ್‌ಗಳನ್ನು ಮಾತ್ರ ಬಹುಮಟ್ಟಿಗೆ ಕೈಯಾರೆ ಮಾಡಿಕೊಳ್ಳಬೇಕು.

ಉದ್ದವನ್ನು 87ರಿಂದ ಭಾಗಿಸುವುದು ಸುಲಭ. ಭೌತವಿಜ್ಞಾನ ಅಷ್ಟು ಸುಲಭವಾಗಿ ಕುಗ್ಗುವುದಿಲ್ಲ. ತೂಕ ಘನಫಲದ ಜೊತೆ ಹೋಗುವುದರಿಂದ ಅದನ್ನು 87ರ ಘನದಿಂದ, ಅಂದರೆ ಸುಮಾರು 6.6 ಲಕ್ಷದಿಂದ ಭಾಗಿಸಬೇಕು. ಸರಕು ತುಂಬಿ 32 ಟನ್ ತೂಗುವ ವ್ಯಾಗನ್ 49 ಗ್ರಾಂಗೆ ಇಳಿಯುತ್ತದೆ. ಅಷ್ಟು ಹಗುರವಾದರೆ ಅದು ಪಾಯಿಂಟ್ಸ್ ಮೇಲೆ ಕುಪ್ಪಳಿಸಿ ಹಳಿ ತಪ್ಪುತ್ತದೆ. ಎಂಜಿನ್ ಬಂದು ತಾಗಿದರೆ ಕೊಂಡಿ ಬೀಳುವ ಬದಲು ದೂರ ಸರಿಯುತ್ತದೆ. 1935ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ ಅಮೆರಿಕದ ಮಾದರಿ ರೈಲು ಸಂಘದ ಶಿಫಾರಸು ಬೇರೆ: ಎಚ್‌ಒ ವ್ಯಾಗನ್‌ಗೆ ಮೊದಲು ಒಂದು ಔನ್ಸ್, ಆಮೇಲೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನಮ್ಮ 8.5 ಸೆಂ.ಮೀ. ವ್ಯಾಗನ್‌ಗೆ ಇದು 76 ಗ್ರಾಂ ಆಗುತ್ತದೆ, ಲೆಕ್ಕದ ತೂಕದ ಒಂದೂವರೆ ಪಟ್ಟು. ಒಳಗೆ ಸೀಸದ ಚೂರೋ ಕಬ್ಬಿಣದ ನಟ್ಟೋ ಅಂಟಿಸಿ ಕೊರತೆ ತುಂಬಿಕೊಳ್ಳುತ್ತಾರೆ.

ವೇಗದ ಲೆಕ್ಕ ಇನ್ನೂ ಸ್ವಾರಸ್ಯಕರ. ಗಂಟೆಗೆ 10 ಕಿ.ಮೀ. ಶಂಟಿಂಗ್ ವೇಗ ಮಾದರಿಯಲ್ಲಿ ಸೆಕೆಂಡಿಗೆ 3.2 ಸೆಂ.ಮೀ. ಹಲಗೆಯ ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ನಿಮಿಷಕ್ಕೂ ಹೆಚ್ಚು. ಹೊಸಬರು ಇದರ ಹತ್ತು ಪಟ್ಟು ಓಡಿಸಿ ಹಲಗೆ ಚಿಕ್ಕದಾಯಿತು ಎಂದು ಗೊಣಗುತ್ತಾರೆ. ಸರಿಯಾದ ವೇಗದಲ್ಲಿ ಓಡಿಸಿದರೆ ಅದೇ ಹಲಗೆಯ ಮೇಲೆ ಒಂದು ಗಾಡಿ ಕಟ್ಟಲು ಸಂಜೆಯ ಅರ್ಧ ಗಂಟೆ ಸುಖವಾಗಿ ಕಳೆಯುತ್ತದೆ.

ಆದರೆ ಅಷ್ಟು ನಿಧಾನಕ್ಕೆ ಓಡುವ ಮಾದರಿಗೆ ತಾನೇ ಉರುಳಿಕೊಂಡು ಹೋಗುವ ಓಘ ಎಂಬುದೇ ಇರುವುದಿಲ್ಲ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಬಿಟ್ಟ ನಿಜವಾದ ವ್ಯಾಗನ್, ಟನ್ನಿಗೆ 2 ಕಿಲೋ ಮಾತ್ರ ತಡೆ ಇದ್ದರೆ, ಸಮತಟ್ಟಾದ ಹಳಿಯ ಮೇಲೆ ಸುಮಾರು 200 ಮೀಟರ್ ತಾನೇ ಉರುಳುತ್ತದೆ. ಮಾದರಿಯಲ್ಲಿ ಅದು 2.3 ಮೀಟರ್ ಆಗಬೇಕಿತ್ತು. ಆಗುವುದು ಮೂರು ಸೆಂಟಿಮೀಟರ್ ಕೂಡ ಅಲ್ಲ. ಉರುಳುವ ದೂರ ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ 87 ಪಟ್ಟು ಇಳಿದರೆ ದೂರ ಏಳೂವರೆ ಸಾವಿರ ಪಟ್ಟು ಇಳಿಯುತ್ತದೆ, ಹಳಿ ಮಾತ್ರ 87 ಪಟ್ಟು ಕುಗ್ಗಿರುತ್ತದೆ. ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ತಳ್ಳಿಬಿಟ್ಟು ತಾವಾಗಿ ಉರುಳಿ ಸೇರಿಕೊಳ್ಳಲು ಬಿಡುವ ಸೊಬಗನ್ನು ಹಲಗೆಯ ಮೇಲೆ ತರಲು ಆಗದಿರುವುದು ಇದಕ್ಕಾಗಿ. ಗುರುತ್ವ ಮಾತ್ರ ಒಂದಿಷ್ಟೂ ಕುಗ್ಗಿಲ್ಲ. ಹಲಗೆ ತುಸು ವಾಲಿದರೂ, ಒಳ್ಳೆಯ ಅಚ್ಚಿನ ವ್ಯಾಗನ್ ಯಾರ ಅಪ್ಪಣೆಗೂ ಕಾಯದೆ ಹೊರಟುಬಿಡುತ್ತದೆ. ಕಪಾಟಿಗೆ ಹಲಗೆ ಕೂರಿಸುವಾಗ ಮೇಸ್ತ್ರಿಯ ರಸಮಟ್ಟ ಬೇಕೇ ಬೇಕು.

ನಿಧಾನದ ಇನ್ನೊಂದು ಶತ್ರು ವಿದ್ಯುತ್ತು. ಎಂಜಿನ್ ಹಳಿಯಿಂದ ಚಕ್ರದ ಮೂಲಕ 12 ವೋಲ್ಟ್ ಹೀರಿಕೊಂಡು ನಡೆಯುತ್ತದೆ. ಎರಡು ಹಳಿಗಳು ಒಂದನ್ನೊಂದು ದಾಟುವ ಕ್ರಾಸಿಂಗ್‌ನಲ್ಲಿ ಧನ ಋಣ ಸೇರಿಬಿಡುತ್ತವೆಂದು ಕೆಲವರು ಆ ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ವೇಗವಾಗಿ ಹೋಗುವ ಎಂಜಿನ್ ಅದನ್ನು ಹಾರಿಕೊಂಡು ಹೋಗುತ್ತದೆ. ತೆವಳುವ ನಾಲ್ಕು ಚಕ್ರದ ಶಂಟಿಂಗ್ ಎಂಜಿನ್ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಲೋಹದ ಕ್ರಾಸಿಂಗ್ ಹಾಕಿ, ಪಾಯಿಂಟ್ಸ್ ತಿರುಗಿದಂತೆ ಅದರ ಧ್ರುವವೂ ಬದಲಾಗುವ ಸ್ವಿಚ್ ಕೊಡಬೇಕು; ಎಂಜಿನ್ನಿನೊಳಗೆ ಒಂದು ಕೆಪಾಸಿಟರ್ ಇಟ್ಟರೆ ಧೂಳಿನ ಮೇಲೂ ಒಂದು ಗಳಿಗೆ ಸಾಗುತ್ತದೆ. ಧೂಳು ನಮ್ಮಲ್ಲಿ ಧಾರಾಳ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ ಒರೆಸುವುದನ್ನು ಆಟದ ಭಾಗವೆಂದೇ ಎಣಿಸಿ.

ಎರಡು ಪಾಯಿಂಟ್ಸ್‌ನ ಹಲಗೆಯನ್ನು ನಿಜವಾದ ರೈಲ್ವೆಯಾಗಿಸುವುದು ಕಾಗದ. ಪ್ರತಿ ವ್ಯಾಗನ್‌ಗೂ ಒಂದು ರಟ್ಟಿನ ಚೀಟಿ, ಅದಕ್ಕೊಂದು ಕಿಸೆ. ಕಿಸೆಯಲ್ಲಿ ಈ ಸಲದ ಸರಕು ಯಾವುದು, ಎಲ್ಲಿಗೆ ಎಂಬ ಬಿಲ್ಲು. ಸಿಮೆಂಟಿನ ವ್ಯಾಗನ್ ಗೋಡೌನಿನ ಬಾಗಿಲಿಗೇ ನಿಲ್ಲಬೇಕು, ಎಣ್ಣೆಯ ಟ್ಯಾಂಕರ್ ಎಂಜಿನ್ ಪಕ್ಕ ಬರಕೂಡದು, ಬ್ರೇಕ್‌ವ್ಯಾನ್ ಕೊನೆಗೇ. ಬಿಲ್ಲು ತಿರುಗಿಸಿಟ್ಟರೆ ಮುಂದಿನ ಆಟಕ್ಕೆ ಅದೇ ವ್ಯಾಗನ್ ಖಾಲಿಯಾಗಿ ವಾಪಸು. ಆದೇಶ ಎಲ್ಲಿಂದಲೋ ಬಂದಂತೆ ಆಗುತ್ತದೆ, ನಾವು ಅದನ್ನು ಪಾಲಿಸುವ ಸಿಬ್ಬಂದಿ. ಇಬ್ಬರು ಆಡಿದರೆ ಇನ್ನೂ ಚೆಂದ: ಒಬ್ಬ ಡ್ರೈವರ್, ಒಬ್ಬ ಶಂಟಿಂಗ್ ಜಮಾದಾರ. ಡ್ರೈವರ್ ಯೋಚಿಸಕೂಡದು, ಜಮಾದಾರ ಕೈಸನ್ನೆಯಲ್ಲದೆ ಬೇರೆ ಮಾತಾಡಕೂಡದು. ಕೊಂಡಿ ಹಾಕುವ ಮುಂಚೆ ಒಮ್ಮೆ ಪೂರ್ತಿ ನಿಲ್ಲಬೇಕು, ಪಾಯಿಂಟ್ಸ್ ತಿರುಗಿಸಿದ ಮೇಲೆ ಮನುಷ್ಯ ನಡೆದು ಬರುವಷ್ಟು ಹೊತ್ತು ಕಾಯಬೇಕು. ಮನೆಯಲ್ಲಿ ಗಂಡ ಹೆಂಡತಿ ಇದನ್ನು ಆಡುವ ಮುಂಚೆ ಯಾರು ಜಮಾದಾರ ಎಂದು ಇತ್ಯರ್ಥ ಮಾಡಿಕೊಳ್ಳುವುದು ಕ್ಷೇಮ.

ಇಷ್ಟಕ್ಕೂ ಹಣ ಖರ್ಚು ಮಾಡುವ ಮೊದಲು ಒಂದು ಹಾಳೆ, ಐದು ಮುಚ್ಚಳ ಸಾಕು. ಇಂಗಲ್‌ನುಕ್‌ನ ಚಿಕ್ಕ ರೂಪವೊಂದಿದೆ: ಸೈಡಿಂಗ್‌ಗಳಲ್ಲಿ 3, 2, 2 ಹಿಡಿಸುತ್ತದೆ, ನೆಕ್ಕಿನಲ್ಲಿ ಎರಡು, ವ್ಯಾಗನ್ ಒಟ್ಟು ಐದು, ಕಟ್ಟಬೇಕಾದ ಗಾಡಿ ಮೂರರದು. ಆಗಬಹುದಾದ ಗಾಡಿಗಳು 60. ಮೊದಲನೆಯದರಲ್ಲಿ ಕ, ಖ, ಗ ಇಡಿ, ಎರಡನೆಯದರಲ್ಲಿ ಚ, ಛ. ಮೂರನೆಯದು ಖಾಲಿ. ಚ, ಛ ಮುಟ್ಟದೆ ಗಾಡಿಯನ್ನು ಗ, ಖ, ಕ ಎಂದು ತಿರುಗಿಸಿ ನಿಲ್ಲಿಸಿ. ಆದ ಮೇಲೆ ಆರನೇ ಮುಚ್ಚಳವೊಂದನ್ನು ಮೂರನೇ ಸೈಡಿಂಗ್‌ನಲ್ಲಿಟ್ಟು, ಬಫರ್ ಪಕ್ಕದ ವ್ಯಾಗನ್ ಯಾಕೆ ಅಲ್ಲಾಡುವುದಿಲ್ಲ ಎಂದು ಪಕ್ಕದವರಿಗೆ ವಿವರಿಸಿ.